ಹೊಲಿಗೆ ಅಲ್ಲಿ, ಹೆರಿಗೆ ಇಲ್ಲಿ

ಕಳೆದ ವರ್ಷದ ಮಾತು. ನನ್ನ ತಂಗಿಗೆ ಏಳನೇ ತಿಂಗಳಲ್ಲಿ ಕುಬಸ ಮಾಡಿ ಹೆರಿಗೆಗೆಂದು ತವರಿಗೆ ಕರೆದುಕೊಂಡು ಬಂದೆವು. ಕೊಟ್ಟದ್ದು ಕರ್ನಾಟಕದ ಇಂಡಿ ತಾಲೂಕಿಗೆ, ತವರು ಮಹಾರಾಷ್ಟ್ರದ ಜತ್ತ ತಾಲೂಕು. ಮೊದಲಿನ ಎರಡು ಬಸಿರು ಐದನೇ ತಿಂಗಳಲ್ಲೇ ಹೋಗಿದ್ದವು. ಅದಕ್ಕೆ ಈ ಸಲ ಗಂಡನ ಮನೆ ಕಡೆಯ ಡಾಕ್ಟರು ನಾಲ್ಕನೇ ತಿಂಗಳು ಹಿಡಿಯುತ್ತಲೇ ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿದ್ದರು.

ಒಂಬತ್ತರಾಗ ಬಿದ್ದು ವಾರವೂ ಆಗಿರಲಿಲ್ಲ, ಒಂದು ರಾತ್ರಿ ಟೊಂಕ ಹಿಡಿಯಿತು. ಬಿಟ್ಟು ಬಿಟ್ಟು ಬ್ಯಾನಿ. ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ನಾನು ಹೊರಗೆ ಕೇಸ್ ಪೇಪರ್ ಮಾಡಿಸುತ್ತ ನಿಂತಿದ್ದೆ. ಒಳಗೆ ಸಿಸ್ಟರು ಮರಾಠಿಯವರು, ನಮ್ಮ ಅವ್ವಗ ಕನ್ನಡ ಬಿಟ್ಟರೆ ಬೇರೆ ಬರೂದಿಲ್ಲ. ತಂಗಿ ಬ್ಯಾನಿಯೊಳಗೇ "ಟಾಕಾ ಹಾಕ್ಯಾರ್ರಿ" ಅಂದಳಂತೆ. ಸಿಸ್ಟರು "ಆಧೀ ಸೀಝರ್ ಝಾಲಂ ಹೋತಂ ಕಾ?" ಅಂತ ಕೇಳಿದರಂತೆ. ಅಂದರೆ, ಮೊದಲು ಸಿಜೇರಿಯನ್ ಆಗಿತ್ತೇನು ಅಂತ. ಅವ್ವ "ಇಲ್ರೀ ಯವ್ವಾ, ಇದು ಚೊಚ್ಚಲ" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಹೊಲಿಗೆಯ ವಿಷಯ ಕಾಗದದ ಮೇಲೆ ಬರಲೇ ಇಲ್ಲ.

ನಾನು ಒಳಗೆ ಹೋಗಿ ಎರಡೂ ಭಾಷೆಯಲ್ಲಿ ಬಿಡಿಸಿ ಹೇಳಿದ ಮೇಲೆ ಎಲ್ಲರೂ ಓಡಾಡತೊಡಗಿದರು. ಫೈಲು ಇಂಡಿಯಲ್ಲಿ ಅತ್ತೆಯ ಟ್ರಂಕಿನೊಳಗೆ ಉಳಿದಿತ್ತು. ಭಾವನಿಗೆ ಫೋನ್ ಮಾಡಿ ಎಬ್ಬಿಸಿ, ಡಿಸ್ಚಾರ್ಜ್ ಕಾಗದದ ಫೋಟೋ ವಾಟ್ಸಾಪಿಗೆ ತರಿಸಿದೆವು. ಡಾಕ್ಟರು ನೋಡಿ, ಹೊಲಿಗೆ ಕತ್ತರಿಸಿ ತೆಗೆದರು. ಬೆಳಗಿನ ಜಾವ ಹೆಣ್ಣು ಕೂಸು ಹುಟ್ಟಿತು. ತಾಯಿ, ಮಗು ಇಬ್ಬರೂ ಆರಾಮ.

ಇಲ್ಲಿ ಯಾರನ್ನೂ ದೂರುವ ಉದ್ದೇಶ ನಮಗಿಲ್ಲ. ಹೊಲಿಗೆ ಹಾಕಿದವರು ಸರಿಯಾಗಿಯೇ ಹಾಕಿದ್ದರು, ತೆಗೆದವರು ಸರಿಯಾಗಿಯೇ ತೆಗೆದರು. ತಪ್ಪಿದ್ದು ನಡುವಿನ ದಾರಿಯಲ್ಲಿ. ಎರಡು ಭಾಷೆ ಬಲ್ಲ ಅಣ್ಣ ಅಂದು ಬಾಗಿಲ ಹೊರಗೆ ಇದ್ದ, ಪಾರಾಯಿತು. ಎಲ್ಲರ ಮನೆಯಲ್ಲೂ ಅಂಥ ಒಬ್ಬ ಇರುತ್ತಾನೆಂದು ನಂಬಿಕೊಂಡು ಕೂರಲು ಬರುವುದಿಲ್ಲ. ಹಾಗಾಗಿ ಈ ಹೊಲಿಗೆ ಏನು, ಹಾಕಿಸಿಕೊಂಡವರಿಗೆ ಮುಂದೆ ಏನೇನಾಗುತ್ತದೆ, ಗಡಿ ದಾಟಿ ಬರುವ ಬಸುರಿಯ ಕೈಯಲ್ಲಿ ಏನಿರಬೇಕು ಎಂಬುದನ್ನು ಬಿಡಿಸಿ ಬರೆಯುವುದು ಅಗತ್ಯವೆನಿಸಿತು.

ಯಾರಿಗೆ ಬೇಕು, ಯಾರಿಗೆ ಬೇಡ

ಗರ್ಭಚೀಲವನ್ನು ತಲೆಕೆಳಗಾಗಿ ಹಿಡಿದ ಚೀಲ ಅಂದುಕೊಳ್ಳಿ. ಅದರ ಬಾಯಿಗೆ ಗರ್ಭಕಂಠ ಎನ್ನುತ್ತಾರೆ. ದಿನ ತುಂಬುವವರೆಗೆ ಅದು ಉದ್ದವಾಗಿ, ಬಿಗಿಯಾಗಿ ಮುಚ್ಚಿರಬೇಕು. ಕೆಲವರಲ್ಲಿ ಅದು ನಾಲ್ಕು, ಐದು, ಆರನೇ ತಿಂಗಳಲ್ಲೇ ಬ್ಯಾನಿ ಇಲ್ಲದೆ ಸದ್ದಿಲ್ಲದೆ ಗಿಡ್ಡಾಗುತ್ತ, ತೆರೆಯುತ್ತ ಹೋಗುತ್ತದೆ. ಗೊತ್ತಾಗುವಷ್ಟರಲ್ಲಿ ನೀರು ಹೋಗಿರುತ್ತದೆ, ಕೂಸು ಕೈ ತಪ್ಪಿರುತ್ತದೆ.

ನಮ್ಮ ಕಡೆ ಹೀಗಾದಾಗ ಮೊದಲು ಬೆರಳು ತೋರಿಸುವುದು ಸೊಸೆಯ ಕಡೆಗೆ. ಕೊಡ ಎತ್ತಿದಳು, ಪಪ್ಪಾಯಿ ತಿಂದಳು, ಜಾತ್ರಿಗಿ ನಡೆದು ಹೋದಳು, "ಅಕಿಗೆ ಗರ್ಭ ನಿಲ್ಲೂದಿಲ್ಲ" ಅಂತ ಓಣಿ ತುಂಬ ಮಾತು. ಗರ್ಭಕಂಠ ದುರ್ಬಲವಾಗಿರುವುದು ಆಕೆಯ ನಡತೆಯಿಂದ ಬಂದದ್ದಲ್ಲ. ಕೆಲವರಿಗೆ ಹುಟ್ಟಿನಿಂದ ಇರುತ್ತದೆ. ಕೆಲವರಿಗೆ ಹಿಂದಿನ ಹೆರಿಗೆಯಲ್ಲಿ ಹರಿದದ್ದರಿಂದ, ಗರ್ಭಕಂಠಕ್ಕೆ ಆದ ಆಪರೇಷನ್ನಿನಿಂದ ಬರುತ್ತದೆ. ಕೆಲವರಿಗೆ ಕಾರಣವೇ ಗೊತ್ತಾಗುವುದಿಲ್ಲ.

ಹಾಗಂತ ಬಸಿರು ಹೋದವರಿಗೆಲ್ಲ ಹೊಲಿಗೆ ಬೇಕಿಲ್ಲ. ಮೊದಲ ಮೂರು ತಿಂಗಳೊಳಗೆ ಹೋಗುವ ಬಸಿರಿಗೆ ಸಾಮಾನ್ಯವಾಗಿ ಬೇರೆಯೇ ಕಾರಣ ಇರುತ್ತದೆ, ಅಲ್ಲಿ ಹೊಲಿಗೆಯಿಂದ ಉಪಯೋಗವಿಲ್ಲ. ಡಾಕ್ಟರು ಇದನ್ನು ಯೋಚಿಸುವುದು ಮುಖ್ಯವಾಗಿ ಮೂರು ಸಂದರ್ಭದಲ್ಲಿ. ಒಂದು, ಮೊದಲು ನಾಲ್ಕರಿಂದ ಆರು ತಿಂಗಳ ನಡುವೆ ಬಸಿರು ಪದೇ ಪದೇ ಹೋಗಿದ್ದರೆ ಅಥವಾ ತೀರಾ ಮುಂಚೆ ಹೆರಿಗೆಯಾಗಿದ್ದರೆ. ಅಂಥವರಿಗೆ 12ರಿಂದ 14 ವಾರದ ಹೊತ್ತಿಗೆ ಹಾಕುತ್ತಾರೆ. ಎರಡು, ಹಿಂದೆ ಹಾಗೆ ಆಗಿದ್ದು, ಈಗ 24 ವಾರದೊಳಗೆ ಕೆಳಗಿನಿಂದ ಮಾಡಿದ ಸೋನೋಗ್ರಾಫಿಯಲ್ಲಿ ಗರ್ಭಕಂಠದ ಉದ್ದ 25 ಮಿಲಿಮೀಟರಿಗಿಂತ ಕಡಿಮೆ ಬಂದಿದ್ದರೆ. ಮೂರು, ಬ್ಯಾನಿ ಇಲ್ಲದೆ ಬಾಯಿ ಆಗಲೇ ತೆರೆದಿದ್ದರೆ. ಇದು ತುರ್ತಿನ ಹೊಲಿಗೆ, ಇದರಲ್ಲಿ ಅಪಾಯ ಹೆಚ್ಚು, ಯಶಸ್ಸು ಕಡಿಮೆ.

ಕೆಳಗಿನಿಂದ ಮಾಡುವ ಸೋನೋಗ್ರಾಫಿ ಅಂದಾಕ್ಷಣ ನಮ್ಮ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಗರ್ಭಕಂಠದ ಅಳತೆ ಹೊಟ್ಟೆಯ ಮೇಲಿಂದ ಸರಿಯಾಗಿ ಸಿಗುವುದಿಲ್ಲ. ಅದರಿಂದ ಕೂಸಿಗೆ ಏನೂ ಆಗುವುದಿಲ್ಲ.

ಕೆಲವರಿಗೆ ಹೊಲಿಗೆಯ ಬದಲು ಪ್ರೊಜೆಸ್ಟರಾನ್ ಎಂಬ ಮಾತ್ರೆಯನ್ನು ಒಳಗೆ ಇಟ್ಟುಕೊಳ್ಳಲು ಕೊಡುತ್ತಾರೆ. ಅವಳಿ ಇದ್ದಾರೆಂಬ ಒಂದೇ ಕಾರಣಕ್ಕೆ ಹೊಲಿಗೆ ಹಾಕುವುದಿಲ್ಲ. ರಕ್ತ ಹೋಗುತ್ತಿದ್ದರೆ, ನೀರು ಒಡೆದಿದ್ದರೆ, ಒಳಗೆ ಸೋಂಕಿದ್ದರೆ, ಬ್ಯಾನಿ ಶುರುವಾಗಿದ್ದರೆ ಹಾಕಲು ಬರುವುದಿಲ್ಲ. "ಪಕ್ಕದ ಮನೆಯಾಕಿಗೆ ಹಾಕ್ಯಾರ, ನಮಗೂ ಹಾಕ್ರಿ" ಎಂದು ಗಂಟು ಬೀಳುವುದು ಬೇಡ. ಹಾಗೆಯೇ ಡಾಕ್ಟರು ಬೇಕು ಅಂದಾಗ "ಯಾಕೆ ಬೇಕು, ಅಳತಿ ಎಷ್ಟು ಬಂದದ" ಎಂದು ಕೇಳುವ ಹಕ್ಕು ಬಸುರಿಗೂ ಮನೆಯವರಿಗೂ ಉಂಟು.

ನಮ್ಮ ಕಡೆಯ ನಂಟಿರುವ ಹೊಲಿಗೆ

ಈ ಚಿಕಿತ್ಸೆ ಹೊರದೇಶದಿಂದ ಬಂದದ್ದೆಂದು ಹಲವರು ತಿಳಿದಿದ್ದಾರೆ. ಇದನ್ನು ಜಗತ್ತಿಗೆ ಕೊಟ್ಟವರಲ್ಲಿ ಮೊದಲಿಗರು ಡಾ. ವಿಠ್ಠಲ ನಾಗೇಶ ಶಿರೋಡ್ಕರ್. 1899ರಲ್ಲಿ ಗೋವೆಯ ಶಿರೋಡಾದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಮುಂಬೈನ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರಾದವರು. 1955ರಲ್ಲಿ ಅವರು ಈ ಹೊಲಿಗೆಯ ವಿಧಾನವನ್ನು ಪ್ರಕಟಿಸಿದರು. ಎರಡು ವರ್ಷದ ಮೇಲೆ, 1957ರಲ್ಲಿ, ಆಸ್ಟ್ರೇಲಿಯಾದ ಮ್ಯಾಕ್‌ಡೊನಾಲ್ಡ್ ಇನ್ನೂ ಸರಳ ವಿಧಾನ ತಿಳಿಸಿದರು. ಸಂಚಿಯ ಬಾಯಿಗೆ ಲಾಡಿ ಪೋಣಿಸಿ ಎಳೆದ ಹಾಗೆ ಸುತ್ತಲೂ ದಾರ ಹಾಕಿ ಗಂಟು ಬಿಗಿಯುವುದು. ಇಂದಿಗೂ ಕಾಗದದ ಮೇಲೆ 'ಶಿರೋಡ್ಕರ್' ಅಥವಾ 'ಮ್ಯಾಕ್‌ಡೊನಾಲ್ಡ್' ಎಂದೇ ಬರೆಯುತ್ತಾರೆ. ಕನ್ನಡ ನೆಲದಲ್ಲಿ ಓದಿ ಮರಾಠಿ ನಾಡಿನಲ್ಲಿ ಹೆಸರಾದವರ ಕೆಲಸ ಗಡಿಯವರಾದ ನಮಗೆ ಹೆಮ್ಮೆಯ ವಿಷಯ.

ಹಾಕುವ ದಿನ

ಹಿಂದಿನ ಆರು ತಾಸು ಊಟ ಇಲ್ಲ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಕೆಲವೆಡೆ ಪೂರ್ತಿ ಮಂಪರು ಬರುವ ಅರಿವಳಿಕೆಯೂ ಉಂಟು. ಹೊಟ್ಟೆ ಕೊಯ್ಯುವುದಿಲ್ಲ, ಹೊರಗೆ ಗಾಯ ಕಾಣುವುದಿಲ್ಲ. ಕೆಲಸ ಅರ್ಧ ತಾಸಿನೊಳಗೆ ಮುಗಿಯುತ್ತದೆ. ಅದೇ ದಿನ ಇಲ್ಲವೆ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ.

ಆಮೇಲೆ ಎರಡು-ಮೂರು ದಿನ ಸ್ವಲ್ಪ ರಕ್ತದ ಕಲೆ ಕಾಣಬಹುದು, ಮುಟ್ಟಿನ ನೋವಿನಂತೆ ಕಿಬ್ಬೊಟ್ಟೆ ಹಿಡಿಯಬಹುದು. ಬಿಳಿ ಹೋಗುವುದು ಮೊದಲಿಗಿಂತ ಹೆಚ್ಚಾಗಬಹುದು, ಹೊಲಿಗೆ ಇರುವವರೆಗೂ ಅದು ಇರಬಹುದು. ಇವಕ್ಕೆ ಗಾಬರಿ ಬೇಡ.

ಗಾಬರಿಪಡಬೇಕಾದದ್ದು ಬೇರೆ. ನೀರು ಸೋರಿದರೆ, ಕೆಂಪು ರಕ್ತ ಹೋದರೆ, ಜ್ವರ-ಚಳಿ ಬಂದರೆ, ಬಿಳಿ ದುರ್ವಾಸನೆ ಹೊಡೆದರೆ, ಟೊಂಕ ಅಥವಾ ಹೊಟ್ಟೆ ಬಿಟ್ಟು ಬಿಟ್ಟು ಹಿಡಿದರೆ, ಕೆಳಗೆ ಏನೋ ಒತ್ತಿ ಬಂದಂತೆ ಅನಿಸಿದರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಬೇಕು. ಎರಡೂ ರಾಜ್ಯದಲ್ಲಿ ನಂಬರ್ ಅದೇ.

ಇನ್ನು ಮಲಗಿಸುವ ವಿಷಯ. ಹೊಲಿಗೆ ಹಾಕಿದ ಮೇಲೆ ಹೆರಿಗೆವರೆಗೆ ಹಾಸಿಗೆಯಿಂದ ಏಳಕೂಡದು ಎಂದು ಹಿರಿಯರು ಹೇಳುತ್ತಾರೆ, ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ತಿಂಗಳುಗಟ್ಟಲೆ ಮಲಗಿಸಿದರೆ ಬಸಿರು ಹೆಚ್ಚು ದಿನ ನಿಲ್ಲುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಮಲಗಿಯೇ ಇದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ಡಾಕ್ಟರು ಹೇಳಿದಷ್ಟು ನಡೆ, ಮನೆಯ ಹಗುರ ಕೆಲಸ. ಭಾರದ ಕೊಡ, ಜೋಳದ ಚೀಲ, ಕಬ್ಬಿನ ಮೋಳಿ ಬೇಡ. ಪೂರ್ವ ಭಾಗದ ಹಳ್ಳಿಗಳಿಂದ ಕಬ್ಬು ಕಡಿಯಲು ಹೋಗುವ ಜೋಡಿಗಳು ಈ ಮಾತನ್ನು ಮುಕಾದಮ್‌ಗೆ ಮೊದಲೇ ತಿಳಿಸಿಬಿಡಬೇಕು. ಗಂಡ-ಹೆಂಡತಿ ಕೂಡುವ ವಿಷಯ ನಾಚದೆ ಡಾಕ್ಟರನ್ನು ಕೇಳಬೇಕು, ಕೆಲವು ದಿನ ಬೇಡ ಎನ್ನುವವರೇ ಹೆಚ್ಚು.

ಹೊಲಿಗೆ ಎಂದರೆ ಗ್ಯಾರಂಟಿ ಅಲ್ಲ ಎಂಬುದನ್ನೂ ಮುಚ್ಚಿಡಬಾರದು. ಹೊಲಿಗೆ ಇದ್ದೂ ಮುಂಚೆ ಹೆರಿಗೆಯಾದವರಿದ್ದಾರೆ. ಹಾಕುವಾಗ ನೀರಿನ ಚೀಲಕ್ಕೆ ಚುಚ್ಚುವುದು, ಸೋಂಕು ತಗಲುವುದು ಅಪರೂಪಕ್ಕೆ ಆಗುತ್ತದೆ. ಆದರೂ ಸರಿಯಾದವರಿಗೆ ಸರಿಯಾದ ಹೊತ್ತಿಗೆ ಹಾಕಿದ ಹೊಲಿಗೆ ಎಷ್ಟೋ ತೊಟ್ಟಿಲು ತೂಗುವಂತೆ ಮಾಡಿದೆ.

ತೆಗೆಯುವ ದಿನ

ಹಾಕುವ ದಿನ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ತೆಗೆಯುವ ದಿನ.

ಕೆಳಗಿನಿಂದ ಹಾಕಿದ ಹೊಲಿಗೆಯನ್ನು 36ರಿಂದ 37 ವಾರದ ನಡುವೆ ತೆಗೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಒಂಬತ್ತರಾಗ ಬಿದ್ದ ಮೇಲೆ ಎಂದಾಯಿತು. ಆದರೆ ತಿಂಗಳ ಲೆಕ್ಕ ಒಬ್ಬೊಬ್ಬರದು ಒಂದೊಂದು ಥರ, ಅಮಾಸಿ-ಹುಣ್ಣಿಮಿ ಲೆಕ್ಕ ಹಿಡಿಯುವವರೂ ಇದ್ದಾರೆ. ಅದಕ್ಕೆ ಡಾಕ್ಟರ ಕೈಯಿಂದ ತಾರೀಖನ್ನೇ ಬರೆಸಿಕೊಳ್ಳಬೇಕು. ಮ್ಯಾಕ್‌ಡೊನಾಲ್ಡ್ ಹೊಲಿಗೆಯಾದರೆ ಅರಿವಳಿಕೆ ಇಲ್ಲದೆ ಕೆಲವೇ ನಿಮಿಷದಲ್ಲಿ ಕತ್ತರಿಸಿ ತೆಗೆಯಬಹುದು. ಸ್ವಲ್ಪ ಕಿರಿಕಿರಿ, ಸ್ವಲ್ಪ ರಕ್ತ, ಅಷ್ಟೆ. ಶಿರೋಡ್ಕರ್ ಹೊಲಿಗೆ ಚರ್ಮದ ಪದರದೊಳಗೆ ಹುದುಗಿರುವುದರಿಂದ ತೆಗೆಯಲು ಅರಿವಳಿಕೆ ಬೇಕಾಗಬಹುದು. ಸಿಜೇರಿಯನ್ ಮೊದಲೇ ಗೊತ್ತಾಗಿದ್ದರೆ ಆವಾಗಲೇ ತೆಗೆಯುವುದುಂಟು. ಹೊಟ್ಟೆ ತೆರೆದು ಮೇಲಿನಿಂದ ಹಾಕುವ ಇನ್ನೊಂದು ವಿಧ ಇದೆ. ಅದನ್ನು ಹೀಗೆ ತೆಗೆಯುವುದಿಲ್ಲ, ಅವರಿಗೆ ಸಿಜೇರಿಯನ್ನೇ ಆಗಬೇಕು. ಯಾವ ವಿಧ ಎಂಬುದು ಕಾಗದದಲ್ಲಿ ಇರಬೇಕಾದದ್ದು ಇದಕ್ಕೇ.

ಹೊಲಿಗೆ ತೆಗೆದ ಕೂಡಲೇ ಕೂಸು ಹುಟ್ಟಿಬಿಡುತ್ತದೆ ಎಂದು ಹೆದರಿ ತೆಗೆಸುವುದನ್ನು ಮುಂದೂಡುವವರಿದ್ದಾರೆ. ತೆಗೆದ ಮೇಲೂ ಎಷ್ಟೋ ಮಂದಿಗೆ ಬ್ಯಾನಿ ಬರಲು ದಿನಗಳು, ವಾರಗಳೇ ಹಿಡಿಯುತ್ತವೆ.

ಅಪಾಯ ಇರುವುದು ಹೊಲಿಗೆ ಇದ್ದಾಗಲೇ ಬ್ಯಾನಿ ಜೋರಾದರೆ. ಗರ್ಭಚೀಲ ತಳ್ಳುತ್ತಿರುತ್ತದೆ, ಬಾಯಿ ಕಟ್ಟಿರುತ್ತದೆ. ಆಗ ಗರ್ಭಕಂಠ ಹರಿದು ವಿಪರೀತ ರಕ್ತ ಹೋಗಬಹುದು, ಅಪರೂಪಕ್ಕೆ ಗರ್ಭಚೀಲವೇ ಒಡೆಯಬಹುದು. ಅದಕ್ಕೆ ಬ್ಯಾನಿ ಶುರುವಾದರೆ ಯಾವ ತಿಂಗಳೇ ಇರಲಿ ಆಸ್ಪತ್ರೆಗೆ ಹೋಗಬೇಕು, ಹೊಲಿಗೆ ಇದೆ ಎಂದು ಬಾಗಿಲಲ್ಲೇ ಹೇಳಬೇಕು. ಮನೆಯಲ್ಲಿ ಸೂಲಗಿತ್ತಿಯನ್ನು ಕರೆಸಿ ಕಾಯುವ ಬಸಿರು ಇದಲ್ಲ.

ಗಡಿಯ ಲೆಕ್ಕ

ನಾನು ಬಿಕಾಂ ಓದಿದವ. ಲೆಕ್ಕಪತ್ರದಲ್ಲಿ ಒಂದು ಕಡೆ ಎಂಟ್ರಿ ಬಿದ್ದರೆ ಇನ್ನೊಂದು ಕಡೆಯೂ ಬೀಳಲೇಬೇಕು, ಇಲ್ಲದಿದ್ದರೆ ತಾಳೆ ಬೀಳುವುದಿಲ್ಲ ಎಂದು ಕಲಿಸಿದ್ದರು. ಹೊಲಿಗೆಯದೂ ಅದೇ ಲೆಕ್ಕ. ಹಾಕಿದ ಎಂಟ್ರಿ ಒಂದು ರಾಜ್ಯದ ಆಸ್ಪತ್ರೆಯ ರಜಿಸ್ಟರಿನಲ್ಲಿ, ತೆಗೆಯಬೇಕಾದ ಎಂಟ್ರಿ ಇನ್ನೊಂದು ರಾಜ್ಯದಲ್ಲಿ.

ಯಾಕೆಂದರೆ ನಮ್ಮ ಸಂಬಂಧಗಳು ಗಡಿ ನೋಡಿ ಬೆಳೆದವಲ್ಲ. ಜತ್ತ, ಅಕ್ಕಲಕೋಟದ ಹೆಣ್ಣುಗಳನ್ನು ಇಂಡಿ, ಅಥಣಿ, ಅಫಜಲಪುರ, ಆಳಂದಕ್ಕೆ ಕೊಡುತ್ತೇವೆ, ಅಲ್ಲಿಂದ ತರುತ್ತೇವೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ನಾಲ್ಕನೇ ತಿಂಗಳಲ್ಲಿ ಹೊಲಿಗೆ ಬೀಳುವುದು ಗಂಡನ ಮನೆಯಲ್ಲಿ. ಏಳಕ್ಕೆ ಕುಬಸ, ತವರಿನ ಪಯಣ. ಒಂಬತ್ತಕ್ಕೆ ಹೊಲಿಗೆ ತೆಗೆಯಬೇಕಾದ ದಿನ ಬರುವುದು ಇಲ್ಲಿ. ಅಂದರೆ ನಮ್ಮ ರೂಢಿಯೇ ಈ ಹೊಲಿಗೆಯನ್ನು ಗಡಿ ದಾಟಿಸುತ್ತದೆ. ಉಡಿ ತುಂಬುವ ಸಾಮಾನಿನ ಜೊತೆ ಫೈಲು ಬರುವುದಿಲ್ಲ.

ಕಾರ್ಡಿನ ಪಾಡೂ ಹಾಗೇ. ಅಲ್ಲಿ ಕನ್ನಡದ ತಾಯಿ ಕಾರ್ಡು, ಇಲ್ಲಿ ಮರಾಠಿಯ ಮಾತಾ-ಬಾಲ ಸಂರಕ್ಷಣ ಕಾರ್ಡು. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ, ಅದೂ ಡಾಕ್ಟರ ಅಕ್ಷರದಲ್ಲಿ. ಇನ್ನು ಬಾಯಿಮಾತಿನಲ್ಲಿ 'ಟಾಕಾ' ಅಂದರೆ ನಮ್ಮ ಭಾಗದಲ್ಲಿ ಹತ್ತು ಅರ್ಥ. ಸಿಜೇರಿಯನ್ ಹೊಲಿಗೆಯೂ ಟಾಕಾ, ಹೆರಿಗೆಯಲ್ಲಿ ಹರಿದಾಗ ಹಾಕುವುದೂ ಟಾಕಾ, ಮಕ್ಕಳಾಗದ ಆಪರೇಷನ್ನಿಗೆ 'ಬಿನಟಾಕಾ' ಎನ್ನುತ್ತಾರೆ. ಬ್ಯಾನಿ ತಿನ್ನುವ ಹೆಣ್ಣುಮಗಳು ಟಾಕಾ ಅಂದರೆ ಸಿಸ್ಟರಿಗೆ ಯಾವುದು ತಿಳಿಯಬೇಕು?

2022ರ ನವೆಂಬರಿನಲ್ಲಿ ಜತ್ತ ತಾಲೂಕಿನ ಹಳ್ಳಿಗಳ ಮಾತು ಎರಡೂ ರಾಜ್ಯದ ಪೇಪರು, ಟಿವಿಯಲ್ಲಿ ವಾರಗಟ್ಟಲೆ ನಡೆಯಿತು. ಗಡಿ ಯಾರದು ಎಂಬುದು ದೊಡ್ಡವರ ಮಾತು, ಅದು ತೀರುವಾಗ ತೀರಲಿ. ಅಲ್ಲಿಯವರೆಗೆ ಬಸುರಿಯ ಕಾರ್ಡಿನ ಮೇಲೆ ಒಂದು ಸಾಲು ಬರೆಯಲು ಯಾವ ಆಯೋಗವೂ ಬೇಕಿಲ್ಲ.

ನಮ್ಮ ಬೇಡಿಕೆ ಇಷ್ಟೇ. ಹೊಲಿಗೆ ಹಾಕುವ ಆಸ್ಪತ್ರೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ನಾಲ್ಕು ಸಂಗತಿ ಬರೆಯಬೇಕು. ಹೊಲಿಗೆ ಹಾಕಿದ ತಾರೀಖು, ಯಾವ ವಿಧ, ಗಂಟು ಯಾವ ಕಡೆ ಇದೆ, ಯಾವ ತಾರೀಖಿಗೆ ತೆಗೆಯಬೇಕು. ಗಡಿ ತಾಲೂಕಿನ ಆಸ್ಪತ್ರೆಗಳಲ್ಲಿ ಇದು ಕನ್ನಡ, ಮರಾಠಿ ಎರಡರಲ್ಲೂ ಇರುವಂಥ ಒಂದು ರಬ್ಬರ್ ಸ್ಟ್ಯಾಂಪು ಮಾಡಿಸಿದರೆ ಖರ್ಚು ಎಷ್ಟಾದೀತು? ತವರಿಗೆ ಹೊರಟ ಬಸುರಿಯ ವಿಷಯವನ್ನು ಗಂಡನ ಊರಿನ ಆಶಾ ತಾಯಿ ತವರೂರಿನ ಆಶಾಗೆ ಒಂದು ಫೋನ್ ಮಾಡಿ ತಿಳಿಸಬೇಕು. ತವರಿನವರು ಕುಬಸದ ಮರುವಾರವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ಹಚ್ಚಿಸಬೇಕು. 2016ರಿಂದ ಪ್ರತಿ ತಿಂಗಳ 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ನಡೆಯುತ್ತಿದೆ. ಆ ದಿನ ಹೋಗಿ ಡಾಕ್ಟರಿಗೆ ಫೈಲು ತೋರಿಸಿ, ಹೊಲಿಗೆ ಎಲ್ಲಿ ತೆಗೆಸುವುದು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಬರೆದಿಟ್ಟುಕೊಳ್ಳುವ ಚೀಟಿ

ಸರ್ಕಾರ ಮಾಡುವವರೆಗೆ ಕಾಯುವುದು ಬೇಡ. ಮನೆಯಲ್ಲಿ ಶಾಲೆ ಕಲಿತ ಹುಡುಗರಿದ್ದರೆ ಇಂದೇ ಒಂದು ಚೀಟಿ ಬರೆಸಿ. ಒಂದು ಪ್ರತಿ ಬಸುರಿಯ ಪರ್ಸಿನಲ್ಲಿ, ಒಂದು ತವರಿನ ದೇವರ ಗೂಡಿನಲ್ಲಿ, ಫೋಟೋ ಗಂಡನ ಮೊಬೈಲಿನಲ್ಲಿ ಇರಲಿ.

ಕನ್ನಡದಲ್ಲಿ: "ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿದೆ. ಇನ್ನೂ ತೆಗೆದಿಲ್ಲ."

ಮರಾಠಿಯಲ್ಲಿ ಹೇಳುವುದಾದರೆ: "ಗರ್ಭಾಶಯಾಚ್ಯಾ ತೋಂಡಾಲಾ ಟಾಕಾ ಘಾತಲಾ ಆಹೇ. ತೋ ಅಜೂನ ಕಾಢಲೇಲಾ ನಾಹೀ."

ಡಾಕ್ಟರಿಗೆ ತಕ್ಷಣ ತಿಳಿಯುವ ಮಾತು: "ಸರ್ವೈಕಲ್ ಸ್ಟಿಚ್." ಅದರ ಕೆಳಗೆ ಹಾಕಿದ ತಾರೀಖು, ತೆಗೆಯುವ ತಾರೀಖು, ಹಾಕಿದ ಆಸ್ಪತ್ರೆಯ ಫೋನ್ ನಂಬರು.

ಈ ಮೂರು ಸಾಲು ನಮ್ಮ ಅವ್ವನಂಥ ಹಿರಿಯರಿಗೂ ಬಾಯಿಪಾಠ ಮಾಡಿಸಬಹುದು. ಈಗ ನಮ್ಮ ಅವ್ವಗ ಮರಾಠಿಯಲ್ಲಿ ಬರುವುದು ಅದೊಂದೇ ಮಾತು. ಓಣಿಯಲ್ಲಿ ಯಾರಾದರೂ ಬಸುರಿ ತವರಿಗೆ ಬಂದಳೆಂದರೆ ಹೋಗಿ ಮೊದಲು ಕೇಳುವುದು, "ಬಾಯಿಗಿ ಹೊಲಿಗಿ ಹಾಕ್ಯಾರೇನವ್ವ? ಚೀಟಿ ತಂದೀಯೇನ?"

ಎರಡೂ ಕಡೆಯ ಆರೋಗ್ಯ ಇಲಾಖೆಯವರು ಇತ್ತ ಗಮನ ಹರಿಸಲಿ. ಓದುಗರು ತಮ್ಮ ಮನೆಯ, ಓಣಿಯ ಹೆಣ್ಣುಮಕ್ಕಳಿಗೆ ಈ ವಿಷಯ ಮುಟ್ಟಿಸಲಿ.